ಬಿಂದುವಿನ ಬಲಗಡೆ

ಹದಿನೇಳು ನೋಟ್‌ಬುಕ್ಕು ನನ್ನ ಟ್ರಂಕಿನಲ್ಲಿವೆ,
ತಿದ್ದಿ ಕೊಡುತ್ತೇನೆಂದು ತಂದವು, ಕೊಡದೆ ಉಳಿದವು.
ಬೈತಖೋಲದ ಉಪ್ಪುಗಾಳಿಗೆ ಪಿನ್ನು ತುಕ್ಕು ಹಿಡಿದು
ಹಾಳೆಯ ನಡುವೆ ಕಂದು ಕಲೆ ಬಿಟ್ಟಿದೆ.
ಮಕ್ಕಳ ಅಕ್ಷರ ಮಾತ್ರ ಇನ್ನೂ ನೀಲಿ.

ಆ ದೇಶದ ಹೆಸರು ಹೇಳಿದರೆ ಇಲ್ಲಿ
ಬಸ್‌ಸ್ಟ್ಯಾಂಡಿನೆದುರು ಜೆರಾಕ್ಸ್ ಅಂಗಡಿಯವನೂ
'ದುಬೈ ಹತ್ತಿರವಾ?' ಎನ್ನುತ್ತಾನೆ.
ಅಲ್ಲ. ನಕಾಶೆಯಲ್ಲಿ ಅದೊಂದು ಚುಕ್ಕೆ,
ನೊಣ ಕೂತು ಎದ್ದುಹೋದಂತೆ.
ಇಡೀ ದೇಶ ಒಟ್ಟಾಗಿ ದೋಣಿ ಹತ್ತಿ ಬಂದರೂ
ಕೋಡಿಬಾಗದಿಂದ ಅಳ್ವೆವಾಡದ ತನಕ
ಮರಳಲ್ಲಿ ಕೂರಿಸಿ ಚಹಾ ಕೊಡಬಹುದು.

ಅಲ್ಲಿ ಎರಡು ವರ್ಷ ಗಣಿತ ಕಲಿಸಿದೆ.
ದ್ವೀಪ ಎಷ್ಟು ಸಣ್ಣದೆಂದರೆ
ಶಾಲೆಯ ಗಂಟೆಗೇ ದೋಣಿಗಳೂ ಊಟಕ್ಕೆ ಬರುತ್ತಿದ್ದವು.
ದಶಾಂಶ ಕಲಿಸಿದ ದಿನ ಲಿಯುಶಾ ಎಂಬ ಹುಡುಗಿ ಕೇಳಿದ್ದಳು:
'ಟೀಚರ್, ಬಿಂದುವಿನ ಬಲಗಡೆ ಇರುವವರು
ಎಷ್ಟು ಜನ ಸೇರಿದರೂ ಒಂದಕ್ಕಿಂತ ಸಣ್ಣವರಾ?'
ಹೌದು ಅಂದಿದ್ದೆ. ಲೆಕ್ಕದ ಪ್ರಕಾರ ಸರಿಯೇ.

ಆಮೇಲೆ ಎಲ್ಲೋ ಒಂದು ಬ್ಯಾಂಕು ಮುಳುಗಿತು.
ಗಾಜಿನ ಕಟ್ಟಡ, ರಟ್ಟಿನ ಪೆಟ್ಟಿಗೆ ಹೊತ್ತು ಹೊರಬರುವ ಜನ,
ಟೀವಿಯಲ್ಲಿ ನೋಡಿ ಚಾನೆಲ್ ಬದಲಿಸಿದೆವು.
ಮೂರನೇ ತಿಂಗಳಿಗೆ ಬಿಳಿಯರ ವಿಮಾನ
ನೀರಿಗಿಳಿಯುವುದು ನಿಂತಿತು.
ರೆಸಾರ್ಟಿನಲ್ಲಿ ಹಾಸಿಗೆ ಹಾಸುತ್ತಿದ್ದವರು
ಮನೆಗೆ ಬಂದು ತಮ್ಮ ಚಾಪೆಯ ಮೇಲೆ ಕೂತರು.
ವಾರಕ್ಕೊಮ್ಮೆಯ ಔಷಧದ ದೋಣಿ
ಮನಸ್ಸಾದಾಗ ಬರತೊಡಗಿತು.
ನರ್ಸ್ ಲಿಲ್ಲಿಕುಟ್ಟಿ ಊರಿಗೆ ಹೊರಟಳು,
ಕೂಸುಗಳನ್ನು ತೂಗುವ ಜೋಲಿಯ ತಕ್ಕಡಿ
ಖಾಲಿಯೇ ತೂಗುತ್ತಿತ್ತು ಜಗುಲಿಯಲ್ಲಿ, ಗಾಳಿಯ ತೂಕಕ್ಕೆ.
ಕೊನೆಗೆ ನಾನು.
ಪತ್ರದಲ್ಲಿ ಒಂದೇ ಸಾಲು, ಬಹಳ ವಿನಯದ್ದು.
ಎಂಟನೇ ಇಯತ್ತೆಗೆ ಇನ್ನು ಗಣಿತವಿಲ್ಲ.

ಬಂದೆ. ಧಕ್ಕೆಯ ಮೇಲೆ ಆಯಿ
ಬುಟ್ಟಿ ಬೋರಲು ಹಾಕಿ ಅದರ ಮೇಲೇ ಕೂತಿದ್ದಳು.
'ಬೊಂಡಾಸು ಕೇಳುವವರಿಲ್ಲ ಸುಹಾ.
ಸ್ಪೇನಿನವರು ತಿನ್ನೋದು ಬಿಟ್ಟರಂತೆ, ಐಸ್ ಪ್ಲಾಂಟಿನ ರಾಯ್ಕರ ಹೇಳ್ತಾನೆ.
ಅಲ್ಯಾರದೋ ಮನೆಸಾಲ ಕೆಟ್ಟರೆ
ಇಲ್ಲಿ ನಮ್ಮ ಮೀನು ಯಾಕೆ ಕೆಡಬೇಕು?'
ಲೆಕ್ಕದ ಟೀಚರು ನಾನು, ಸುಮ್ಮನಿರಲಾದೀತೇ,
ಮೀನು ತೊಳೆದ ನೀರಲ್ಲಿ ಬೆರಳದ್ದಿ
ಕಟ್ಟೆಯ ಮೇಲೆ ಬಾಣ ಎಳೆದೆ:
ಬಡ್ಡಿ, ಬ್ಯಾಂಕು, ಹಡಗು, ಹೋಟೆಲು, ಬುಟ್ಟಿ.
ಆಯಿ ತಲೆ ಓರೆ ಮಾಡಿ ನೋಡಿದಳು.
'ಎಲ್ಲಾ ಬಾಣ ನಮ್ಮ ಕಡೆಗೇ ಬರ್ತಾವಲ್ಲ,
ಒಂದಾದರೂ ವಾಪಸ್ ಹೋಗೋದಿಲ್ವ?'
ಅಷ್ಟರಲ್ಲಿ ಬಿಸಿಲಿಗೆ ಬಾಣಗಳೂ ಆರಿದವು.

ವರ್ಷಗಳಾದ ಮೇಲೆ ಯಾವುದೋ ವರದಿ ಓದಿದೆ,
ಲೈಬ್ರರಿಯಲ್ಲಿ, ಫ್ಯಾನಿನ ಗಾಳಿಗೆ ಹಾಳೆ ಒತ್ತಿಹಿಡಿದು.
ದೇಶಗಳ ಪಟ್ಟಿ. ಆಯುಸ್ಸು, ಓದು, ಆದಾಯ
ಕಲಸಿ ಕಟ್ಟಿದ ಒಂದು ಉಂಡೆ:
ಸೊನ್ನೆ, ಬಿಂದು, ಮೂರು ಅಂಕಿ.
ನನ್ನ ಚುಕ್ಕೆಯ ಸಾಲಿನಲ್ಲಿ ಆ ವರ್ಷ
ಮೂರನೆಯ ಅಂಕಿ ಒಂದಿಷ್ಟು ಕದಲಿತ್ತು.
ಕೆಳಗೆ ಟಿಪ್ಪಣಿ: ಗಣನೀಯ ಪರಿಣಾಮವಿಲ್ಲ.
ಆ ಮೂರನೆಯ ಅಂಕಿಯೊಳಗೆ ಹುಡುಕಿದೆ
ಜಾರುವ ಬಿಳಿ ತಲೆವಸ್ತ್ರ,
ಶಾಯಿ ಮೆತ್ತಿದ ಹೆಬ್ಬೆರಳು.

ನಿನ್ನೆ ಕೇರಿಯ ಮಕ್ಕಳಿಗೆ ಟ್ಯೂಷನ್ನು.
'ಹತ್ತಿರದ ಪೂರ್ಣಾಂಕಕ್ಕೆ ಬರೆಯಿರಿ.
ಅರ್ಧಕ್ಕಿಂತ ಕಮ್ಮಿ ಇದ್ದರೆ ಬಿಟ್ಟುಬಿಡಿ'
ಹೇಳುತ್ತ ಹೇಳುತ್ತ ನಾಲಿಗೆ ತಡೆಯಿತು.
ಹಿಂದಿನ ಸಾಲಿನ ಹರಿಕಂತ್ರರ ಹುಡುಗ
ಪೆನ್ಸಿಲ್ ಎತ್ತಿ ಹಿಡಿದೇ ಇದ್ದ:
'ಬಿಟ್ಟದ್ದು ಎಲ್ಲಿಗೆ ಹೋಗ್ತದೆ, ಅಕ್ಕೋರೆ?'

ರಾತ್ರಿ ಟ್ರಂಕು ತೆರೆದೆ. ಒಂಬತ್ತನೇ ನೋಟ್‌ಬುಕ್ಕು.
ಲೆಕ್ಕ ಆರು, ಅರ್ಧಕ್ಕೆ ನಿಂತದ್ದು,
ಬಿಂದು ಇಟ್ಟಿದ್ದಾಳೆ, ಬಲಗಡೆ ಏನೂ ಬರೆದಿಲ್ಲ.
ಗಂಟೆ ಹೊಡೆದಿರಬೇಕು.
ಸರಿ ಹಾಕಲಾರೆ, ತಪ್ಪೂ ಹಾಕಲಾರೆ.
ದೂರದಲ್ಲಿ ದೇವಗಡದ ದೀಪ ನೀರ ಮೇಲೆ ಒಮ್ಮೆ ಸುತ್ತಿತು.
ಒಣಗಿದ ಕೆಂಪು ಪೆನ್ನು ಜಾಡಿಸಿ
ಅಂಚಿನಲ್ಲಿ ತಾರೀಖು ಮಾತ್ರ ಬರೆದೆ,
ಇವತ್ತಿನದು.